ದುಡಿಯುವ ಕೈಗಳ ಲೆಕ್ಕ: ಕಲ್ಯಾಣದ ನೆಲದಲ್ಲಿ ಕಾಯಕ ಮತ್ತು ಉದ್ಯೋಗ

ಶ್ರಾವಣ ಮಾಸದ ಪ್ರವಚನ ಮುಗಿದು ಭಕ್ತರು ಪ್ರಸಾದಕ್ಕೆ ಏಳುವ ಹೊತ್ತಿನಲ್ಲಿ ಮಠದ ಪಡಸಾಲೆಯಲ್ಲಿ ಪ್ರತಿವರ್ಷವೂ ಕಾಣುವ ಒಂದು ದೃಶ್ಯವಿದೆ. ಪೂಜ್ಯರ ಪಾದಕ್ಕೆರಗಿದ ತಾಯಂದಿರು ಮೆಲ್ಲನೆ ಒಂದು ಮಾತು ಕೇಳುತ್ತಾರೆ. “ಮಗಾ ಬಿ.ಎ. ಮುಗಿಸ್ಯಾನ್ರಿ ಅಪ್ಪಾರ, ಎಲ್ಲೆರ ಒಂದು ನೌಕರಿ ಹಚ್ಚಿಕೊಡ್ರಿ.” ಸ್ವಲ್ಪ ತಡೆದು ಅದೇ ತಾಯಿ ಮಗಳ ವಿಷಯ ಎತ್ತುತ್ತಾರೆ. “ಮಗಳು ಬಿ.ಎಸ್ಸಿ. ಮಾಡ್ಯಾಳ್ರಿ, ಒಂದು ಚಲೋ ಮನಿ ನೋಡ್ರಿ.” ಮಗನ ಪದವಿಗೆ ನೌಕರಿ, ಮಗಳ ಪದವಿಗೆ ಮನೆ. ಇಬ್ಬರ ಓದಿಗೂ ಆ ತಾಯಿ ಒಂದೇ ಬಗೆಯಲ್ಲಿ ಕಷ್ಟಪಟ್ಟಿದ್ದಾಳೆ. ಬಹುಶಃ ಮಗಳ ಅಂಕಗಳೇ ಹೆಚ್ಚಿದ್ದಾವು. ಆದರೂ ಎರಡು ಬೇಡಿಕೆಗಳು ಬೇರೆ ಬೇರೆಯಾಗಿರುವುದು ಆಕೆಗೂ ವಿಚಿತ್ರವೆನಿಸುವುದಿಲ್ಲ, ಕೇಳುವ ನಮಗೂ ಬಹುಕಾಲ ಹಾಗೆನಿಸಿರಲಿಲ್ಲ.

ಇತ್ತೀಚೆಗೆ ಉದ್ಯೋಗದ ಅಂಕಿಅಂಶಗಳ ಬಗ್ಗೆ ಪತ್ರಿಕೆಗಳಲ್ಲಿ ಬಿರುಸಿನ ಚರ್ಚೆ ನಡೆಯುತ್ತಿದೆ. ನಿರುದ್ಯೋಗ ಇಳಿಯಿತೆಂದು ಒಂದು ಪಕ್ಷ, ಉದ್ಯೋಗವೇ ಇಲ್ಲವೆಂದು ಇನ್ನೊಂದು ಪಕ್ಷ. ಕಾಯಕವನ್ನು ಧರ್ಮದ ನಡುಮನೆಯಲ್ಲಿಟ್ಟ ಪರಂಪರೆಗೆ ಸೇರಿದ ನಾವು ಈ ಚರ್ಚೆಯನ್ನು ಹೊರಗೆ ನಿಂತು ನೋಡುವುದು ಸಲ್ಲದು. ಆದ್ದರಿಂದ ಲೆಕ್ಕವನ್ನು ಮೊದಲು ತಿಳಿಯೋಣ.

ದುಡಿಯುವ ವಯಸ್ಸಿನ ಜನರಲ್ಲಿ ಎಷ್ಟು ಮಂದಿ ಕೆಲಸ ಮಾಡುತ್ತಿದ್ದಾರೆ ಅಥವಾ ಕೆಲಸ ಹುಡುಕುತ್ತಿದ್ದಾರೆ ಎಂಬ ಪ್ರಮಾಣಕ್ಕೆ ಶ್ರಮಬಲ ಸಹಭಾಗಿತ್ವ ದರವೆಂದು ಹೆಸರು. ಕೆಲಸ ಬಯಸಿಯೂ ಸಿಗದವರು ನಿರುದ್ಯೋಗಿಗಳು. ಕೆಲಸವನ್ನೇ ಹುಡುಕದವರು ಈ ಎರಡರಲ್ಲಿಯೂ ಬರುವುದಿಲ್ಲ. ಅವರು ಲೆಕ್ಕದ ಹೊರಗೆ. ಈ ಒಂದು ಸೂಕ್ಷ್ಮವನ್ನು ಗಮನಿಸದಿದ್ದರೆ ಎಲ್ಲವೂ ತಪ್ಪಾಗಿ ಕಾಣುತ್ತದೆ. ಹತ್ತು ಸಲ ಅರ್ಜಿ ಹಾಕಿ ಬೇಸತ್ತು ಮನೆಯಲ್ಲಿ ಕುಳಿತ ಯುವಕ ನಿರುದ್ಯೋಗಿಯಲ್ಲ. ಮದುವೆಯ ಬಳಿಕ ಕೆಲಸ ಕೇಳುವುದನ್ನೇ ಬಿಟ್ಟ ಪದವೀಧರೆ ನಿರುದ್ಯೋಗಿಯಲ್ಲ. ಇಂಥವರು ಹೆಚ್ಚಿದಷ್ಟೂ ನಿರುದ್ಯೋಗದ ಅಂಕಿ ಕೆಳಗಿಳಿಯುತ್ತದೆ. ಆದ್ದರಿಂದ ನಿರುದ್ಯೋಗ ಕಡಿಮೆಯೆಂಬ ಸುದ್ದಿ ಓದಿದಾಗ, ದುಡಿಮೆಗೆ ಬಂದವರೆಷ್ಟು ಎಂಬ ಪ್ರಶ್ನೆಯನ್ನು ಜೊತೆಯಲ್ಲೇ ಕೇಳಬೇಕು.

ದೇಶದ ಸಾಂಖ್ಯಿಕ ಕಚೇರಿ 2017-18ರಿಂದ ನಡೆಸುತ್ತ ಬಂದಿರುವ, ಪಿಎಲ್‌ಎಫ್‌ಎಸ್ ಎಂದು ಹೆಸರಾದ ಶ್ರಮಬಲ ಸಮೀಕ್ಷೆಯು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. 15 ವರ್ಷ ಮೀರಿದವರಲ್ಲಿ ದುಡಿಮೆಯಲ್ಲಿ ತೊಡಗಿದ ಅಥವಾ ತೊಡಗಬಯಸುವವರು 2017-18ರಲ್ಲಿ ಶೇ. 49.8ರಷ್ಟಿದ್ದರು, 2023-24ರಲ್ಲಿ ಶೇ. 60.1 ಆದರು. ಪುರುಷರಲ್ಲಿ ಏರಿಕೆ ಅಲ್ಪ: ಶೇ. 75.8ರಿಂದ 78.8. ಮಹಿಳೆಯರಲ್ಲಿ ಮಾತ್ರ ಶೇ. 23.3 ಇದ್ದದ್ದು 41.7ಕ್ಕೆ ಏರಿದೆ. ಗ್ರಾಮೀಣ ಮಹಿಳೆಯರಲ್ಲಂತೂ 24.6ರಿಂದ 47.6. ಆರು ವರ್ಷಗಳಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು! ಇದನ್ನು ಕಂಡು ಸಂತೋಷಪಡುವವರು ಅದಕ್ಕೂ ಹಿಂದಿನ ಕಥೆಯನ್ನು ನೆನೆಯಬೇಕು. 2011-12ರಲ್ಲಿ ಮಹಿಳೆಯರ ಪ್ರಮಾಣ ಶೇ. 31.2 ಇತ್ತು, ಅಲ್ಲಿಂದ ಕುಸಿದು 23.3ಕ್ಕೆ ಬಂದದ್ದು. ಏರಿಕೆಯ ಒಂದು ಭಾಗ ಕಳೆದುಕೊಂಡದ್ದನ್ನು ಮರಳಿ ಪಡೆದದ್ದು.

ಇನ್ನೂ ಮುಖ್ಯವಾದ ಪ್ರಶ್ನೆ: ಹೊಸದಾಗಿ ಲೆಕ್ಕಕ್ಕೆ ಬಂದ ಈ ತಾಯಂದಿರು ಮಾಡುತ್ತಿರುವ ಕೆಲಸ ಯಾವುದು? 2023-24ರ ಸಮೀಕ್ಷೆಯ ಪ್ರಕಾರ ದುಡಿಯುವ ಮಹಿಳೆಯರಲ್ಲಿ ಮೂವರಲ್ಲಿ ಇಬ್ಬರು ಸ್ವಯಂ ಉದ್ಯೋಗಿಗಳು. ಕೇಳಲು ಹಿತವಾದ ಪದ. ಆದರೆ ದುಡಿಯುವ ಮಹಿಳೆಯರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ಮನೆಯ ಉದ್ದಿಮೆಯಲ್ಲಿ ಸಂಬಳವಿಲ್ಲದೆ ನೆರವಾಗುವವರು. ಅಂದರೆ ಹೊಲ ಗಂಡನ ಅಥವಾ ಮಾವನ ಹೆಸರಿನಲ್ಲಿ, ಅಂಗಡಿಯ ಲೈಸೆನ್ಸ್ ಮಗನ ಹೆಸರಿನಲ್ಲಿ, ಹಾಲಿನ ಡೇರಿಯ ಪಾಸ್‌ಬುಕ್ ಮನೆಯ ಯಜಮಾನನ ಹೆಸರಿನಲ್ಲಿ. ಸದೆ ತೆಗೆಯುವವಳು, ದನದ ಹಕ್ಕಿ ಬಳಿಯುವವಳು, ನಸುಕಿನಲ್ಲಿ ಹಾಲು ಹಿಂಡುವವಳು ಆಕೆ. ಸಮೀಕ್ಷೆಯವರು ಮನೆ ಬಾಗಿಲಿಗೆ ಬಂದಾಗ ಆಕೆ ಈಗ ದುಡಿಯುವವಳೆಂದು ದಾಖಲಾಗುತ್ತಾಳೆ. ಅಷ್ಟರಮಟ್ಟಿಗೆ ಒಳ್ಳೆಯದೇ. ಕೈಗೆ ಮಾತ್ರ ಏನೂ ಬರುವುದಿಲ್ಲ.

ಶರಣರ ಕಾಯಕ ಕಲ್ಪನೆಯು ಇಲ್ಲಿ ನಮಗೆ ಬರಿಯ ಅಲಂಕಾರದ ಮಾತಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರು, ಅಂಬಿಗರ ಚೌಡಯ್ಯನವರು, ಹಗ್ಗ ಹೊಸೆಯುವ ನುಲಿಯ ಚಂದಯ್ಯನವರು ತಮ್ಮ ತಮ್ಮ ಕಾಯಕದಿಂದಲೇ ಗುರುತಾದರು. ಗಮನಿಸಬೇಕಾದ ಸಂಗತಿಯೆಂದರೆ, ಶರಣೆಯರು ಕೂಡ ಹಾಗೆಯೇ ಗುರುತಾದರು. ಕದಿರೆ ರೆಮ್ಮವ್ವೆಯ ಹೆಸರಿನಲ್ಲೇ ರಾಟೆಯ ಕದಿರು ಇದೆ. ಆಯ್ದಕ್ಕಿ ಲಕ್ಕಮ್ಮನವರು ಪತಿ ಮಾರಯ್ಯನವರ ಕಾಯಕಕ್ಕೆ ಸುಮ್ಮನೆ ನೆರವಾದವರಲ್ಲ. ಪತಿ ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿ ಸುರಿದು ಬರುವಂತೆ ಹೇಳಿದವರು. ಕಾಯಕದ ಲೆಕ್ಕ ಕೇಳುವ ಅಧಿಕಾರ ಆ ಮನೆಯಲ್ಲಿ ಆಕೆಗಿತ್ತು. ದಾಸೋಹಕ್ಕೆ ಸಲ್ಲಿಸಲು ತನ್ನದೆಂಬ ಗಳಿಕೆ ಇರಬೇಕಲ್ಲವೇ? ಗಳಿಕೆಯೇ ಕೈಗೆ ಬಾರದವಳು ದಾಸೋಹ ಮಾಡುವುದೆಂತು? ನಮ್ಮ ಮನೆಗಳಲ್ಲಿ ದಾಸೋಹದ ಕಾಣಿಕೆಯನ್ನು ತಾಯಂದಿರು ಗಂಡನಿಂದ ಕೇಳಿ ಪಡೆದು ತರುವುದನ್ನು ನಾವು ಕಾಣುತ್ತಲೇ ಇದ್ದೇವೆ.

ಇನ್ನು ಪ್ರಾದೇಶಿಕ ಚಿತ್ರ. ಶರಣರ ಕಲ್ಯಾಣ ಇಂದು ಬೀದರ ಜಿಲ್ಲೆಯ ಬಸವಕಲ್ಯಾಣ. ಕಾಯಕದ ತತ್ತ್ವ ಹುಟ್ಟಿದ ಅದೇ ನೆಲವು ಇಂದು ಕಾಯಕ ಅರಸಿ ಊರು ಬಿಡುವವರ ನೆಲವಾಗಿದೆ ಎಂಬುದು ನಮ್ಮನ್ನು ಬಹುವಾಗಿ ಕಾಡುವ ಸಂಗತಿ. ಡಾ. ಡಿ.ಎಂ. ನಂಜುಂಡಪ್ಪನವರ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತ್ತು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39. ಆ 39ರಲ್ಲಿ 21 ಅಂದಿನ ಗುಲಬರ್ಗಾ ವಿಭಾಗದವೇ. ಮೈಸೂರು ವಿಭಾಗಕ್ಕೆ ಸೇರಿದವು ಕೇವಲ ಎರಡು. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಇದ್ದಾಗ ಯಾದಗಿರಿಯದು ಶೇ. 51.83, ಅಲ್ಲಿಯ ಮಹಿಳೆಯರಲ್ಲಿ ಶೇ. 41.38. ಹದಿನಾಲ್ಕು ವರ್ಷಗಳ ನಂತರವೂ ಅಂತರ ಅಳಿದಿಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ಶೇ. 42.43ರೊಂದಿಗೆ ಕೊನೆಯ ಸ್ಥಾನ ಕಲಬುರಗಿಯದು.

ಇಷ್ಟು ಹಿಂದುಳಿದ ಜಿಲ್ಲೆಗಳಲ್ಲಿ ದುಡಿಯುವವರ ಪ್ರಮಾಣವೂ ಕಡಿಮೆ ಇರಬಹುದೆಂದು ದೂರದವರು ಊಹಿಸುತ್ತಾರೆ. ವಾಸ್ತವ ಅದಲ್ಲ. ಬಡವನಿಗೆ ಸುಮ್ಮನೆ ಕೂರುವ ಅನುಕೂಲವೇ ಇಲ್ಲ. ರಾಯಚೂರು, ಯಾದಗಿರಿಗಳ ಹತ್ತಿ ಹೊಲಗಳಲ್ಲಿ ಹತ್ತಿ ಬಿಡಿಸುವವರು ಬಹುಪಾಲು ಹೆಣ್ಣುಮಕ್ಕಳು. ತುಂಗಭದ್ರಾ ಮತ್ತು ನಾರಾಯಣಪುರದ ನೀರಾವರಿಯಲ್ಲಿ ಭತ್ತದ ನಾಟಿ ಮಾಡುವವರು ಅವರೇ. ಸಂಕಟವಿರುವುದು ಕೆಲಸಕ್ಕೆ ಬಾರದಿರುವುದರಲ್ಲಲ್ಲ. ಬಂದವರಿಗೆ ವರ್ಷವಿಡೀ ಕೆಲಸ ಇಲ್ಲದಿರುವುದರಲ್ಲಿ, ಮಾಡಿದ ಕೆಲಸಕ್ಕೆ ತಕ್ಕ ಕೂಲಿ ಸಿಗದಿರುವುದರಲ್ಲಿ. ಸಹಭಾಗಿತ್ವ ದರ ಹೆಚ್ಚಾದರೆ ಏಳಿಗೆ, ಕಡಿಮೆಯಾದರೆ ಹಿನ್ನಡೆ ಎಂಬ ಸರಳ ಸೂತ್ರ ಇಲ್ಲಿ ನಡೆಯುವುದಿಲ್ಲ. ಶಾಲೆ ಬಿಟ್ಟು ಹೊಲಕ್ಕೆ ಹೋದ 16 ವರ್ಷದ ಹುಡುಗಿ ದರವನ್ನು ಏರಿಸುತ್ತಾಳೆ. ಕಾಲೇಜಿಗೆ ಹೋದ ಆಕೆಯ ಗೆಳತಿ ಇಳಿಸುತ್ತಾಳೆ. ಯಾವುದು ಮೇಲು ಎಂಬುದನ್ನು ಹೇಳಬೇಕಿಲ್ಲ.

ತೊಗರಿಯ ರಾಶಿ ಮುಗಿದೊಡನೆ ಒಣಬೇಸಾಯದ ಹಳ್ಳಿಗಳಿಂದ, ತಾಂಡಾಗಳಿಂದ ಗುಳೆ ಆರಂಭವಾಗುತ್ತದೆ. ಮುಂಬೈ, ಪುಣೆ, ಬೆಂಗಳೂರು, ಗೋವಾಗಳ ಕಟ್ಟಡ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೊರಡುತ್ತಾರೆ. ಮುಂಗಡ ಕೊಟ್ಟ ಗುತ್ತಿಗೆದಾರನ ಲೆಕ್ಕದಲ್ಲಿ ದಂಪತಿ ಒಂದು ಜೋಡಿ. ಊರಿನಲ್ಲಿ ಅಜ್ಜಿ ಮತ್ತು ಮಕ್ಕಳು ಉಳಿಯುತ್ತಾರೆ. ಮುಂಗಾರು ಮಳೆ ಬಿದ್ದಾಗ ಮರಳಿ ಬಂದವರ ಮಗ ಪರೀಕ್ಷೆ ಬರೆದಿರುವುದಿಲ್ಲ. ಕರ್ನಾಟಕದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದೇ ಎಂದ ಮೇಲೆ ಜನ ಅತ್ತ ಹರಿಯುವುದು ಸಹಜ. ಆದರೆ ಕಟ್ಟಡದ ನೆರಳಿನ ಗುಡಿಸಲಿನಲ್ಲಿರುವ ಕುಟುಂಬವು ಯಾವ ಊರಿನ ಲೆಕ್ಕಕ್ಕೆ ಸೇರುತ್ತದೆ? ಈ ಸಮೀಕ್ಷೆಯು ಬಹುಕಾಲ ರಾಜ್ಯಮಟ್ಟದ ಅಂಕಿಗಳನ್ನಷ್ಟೇ ನಂಬಿಕೆಯಿಂದ ಕೊಡುವಂತಿತ್ತು. 2025ರ ಜನವರಿಯಿಂದ ಮಾದರಿ ಆಯ್ಕೆಗೆ ಜಿಲ್ಲೆಯನ್ನೇ ಮೂಲ ಘಟಕವನ್ನಾಗಿ ಮಾಡಲಾಗಿದೆ. ಚಿಕ್ಕ ಬದಲಾವಣೆಯೆಂದು ತೋರಬಹುದು. ಯಾದಗಿರಿಯ ನೋವು ಬೆಂಗಳೂರಿನ ಸರಾಸರಿಯಲ್ಲಿ ಕರಗಿಹೋಗದಂತೆ ನೋಡಿಕೊಳ್ಳಲು ಇದೇ ಮೊದಲ ಮೆಟ್ಟಿಲು.

ಸಂವಿಧಾನದ 371 (ಜೆ) ವಿಧಿ ಜಾರಿಗೆ ಬಂದು ಒಂದು ದಶಕ ಮೀರಿತು. ಈ ಭಾಗದ ಸರ್ಕಾರಿ ಹುದ್ದೆಗಳಲ್ಲಿ ವೃಂದಕ್ಕೆ ಅನುಗುಣವಾಗಿ ಶೇ. 75ರಿಂದ 85ರವರೆಗೆ ಸ್ಥಳೀಯರಿಗೆ ಮೀಸಲು ದೊರೆಯಿತು. ಸಾವಿರಾರು ಮನೆಗಳಿಗೆ ಇದರಿಂದ ಬೆಳಕು ಬಂದಿದೆ. ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಪಡೆದ ಮಕ್ಕಳು ನಮ್ಮ ಭಕ್ತರ ಮನೆಗಳಲ್ಲೇ ಇದ್ದಾರೆ. ಆದರೆ ಮೀಸಲಾತಿಯು ಇರುವ ಹುದ್ದೆಯನ್ನು ಹಂಚಬಲ್ಲದೇ ಹೊರತು ಇಲ್ಲದ ಹುದ್ದೆಯನ್ನು ಸೃಷ್ಟಿಸಲಾರದು. ಜವಳಿ ಪಾರ್ಕಿಗೆ 2023ರಲ್ಲಿ ಕಲಬುರಗಿ ಆಯ್ಕೆಯಾದದ್ದು ಆಶಾದಾಯಕ. ಹತ್ತಿ ಬೆಳೆಯುವ ನಾಡಿನಲ್ಲೇ ನೂಲು, ಬಟ್ಟೆ, ಸಿದ್ಧ ಉಡುಪು ತಯಾರಾದರೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿರುವಂತೆ ಹೆಣ್ಣುಮಕ್ಕಳಿಗೆ ಕೆಲಸ ದೊರೆತೀತು. ಅಲ್ಲಿಯ ಬಾಡಿಗೆ ಕೋಣೆಯ ಬವಣೆಯಿಲ್ಲದೆ, ಊರಿನಿಂದಲೇ ಹೋಗಿ ಬರುವಂತೆ. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು ಪ್ರೊ. ಎಂ. ಗೋವಿಂದ ರಾವ್ ಅವರ ಸಮಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ನೇಮಿಸಿತು. ಸಮಿತಿಗಳ ವರದಿಗಳಿಗೆ ನಮ್ಮಲ್ಲಿ ಬರವಿಲ್ಲ ಎಂದು ವ್ಯಂಗ್ಯವಾಡುವುದು ಸುಲಭ. ನಂಜುಂಡಪ್ಪನವರ ವರದಿ ಇಲ್ಲದಿದ್ದರೆ ನಮ್ಮ ಹಿಂದುಳಿಯುವಿಕೆಗೆ ತಾಲ್ಲೂಕುವಾರು ಪುರಾವೆಯೇ ಇರುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು.

ಓದಿದ ಗಂಡುಮಕ್ಕಳ ಸ್ಥಿತಿ ಬೇರೆಯೇ ಬಗೆಯದು. 15ರಿಂದ 29 ವರ್ಷದವರಲ್ಲಿ ನಿರುದ್ಯೋಗ 2023-24ರಲ್ಲಿ ದೇಶದಲ್ಲಿ ಶೇ. 10.2, ಎಲ್ಲ ವಯಸ್ಸಿನವರ ಸರಾಸರಿ ಶೇ. 3.2 ಮಾತ್ರ. ಧಾರವಾಡ, ವಿಜಯಪುರ, ಕಲಬುರಗಿಗಳ ಓಣಿಗಳಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಯುವಕರನ್ನು ಕಂಡವರಿಗೆ ಈ ಅಂಕಿ ಹೊಸತೇನಲ್ಲ. ಅಪ್ಪ ಎಕರೆ ಅಡವಿಟ್ಟು ಕಳಿಸುವ ಹಣದಲ್ಲಿ ಐದು, ಆರು, ಏಳು ವರ್ಷ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಗಿ, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವನ ಆ ಎರಡು ವರ್ಷಗಳನ್ನು ತುಂಬಿಕೊಡುವವರಾರು? ಕಷ್ಟಪಟ್ಟು ಓದುವವನನ್ನು ನಾವು ಹಳಿಯುವುದಿಲ್ಲ. ಆದರೆ ಸರ್ಕಾರಿ ನೌಕರಿಯೊಂದೇ ನೌಕರಿ, ಉಳಿದದ್ದೆಲ್ಲ ಹೊಟ್ಟೆಪಾಡು ಎಂಬ ಭಾವನೆಯನ್ನು ಆತನಿಗೆ ಕಲಿಸಿದವರು ಹಿರಿಯರಾದ ನಾವೇ. ವರ ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ಯಾವುದೆಂದು ಎಲ್ಲರಿಗೂ ಗೊತ್ತು. 2023ರಲ್ಲಿ ಮಂಡ್ಯ ಭಾಗದ ರೈತ ಯುವಕರು ತಮಗೆ ಕನ್ಯೆ ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದಾಗ ಹಲವರು ನಕ್ಕರು. ನಮಗೆ ನಗು ಬರಲಿಲ್ಲ. ಎತ್ತು ಹೂಡುವವನನ್ನು, ಕಟ್ಟಿಗೆ ಮಾರುವ ಮೋಳಿಗೆ ಮಾರಯ್ಯನವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದ ಪರಂಪರೆಯವರೇ ಹೊಲ ಉಳುವವನಿಗೆ ಹೆಣ್ಣು ಕೊಡೆವು ಎನ್ನುತ್ತಿದ್ದೇವೆ.

ಮತ್ತೆ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ, ಏಕೆಂದರೆ ಗಂಟು ಇರುವುದು ಅಲ್ಲಿಯೇ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ಕ್ಲೌಡಿಯಾ ಗೋಲ್ಡಿನ್ ಅವರು ಅಮೆರಿಕದ ಇನ್ನೂರು ವರ್ಷಗಳ ದಾಖಲೆಗಳನ್ನು ಶೋಧಿಸಿ ಒಂದು ಸತ್ಯವನ್ನು ತೋರಿಸಿದರು. ಬೇಸಾಯದ ಕಾಲದಲ್ಲಿ ಮಹಿಳೆಯರ ದುಡಿಮೆ ಹೆಚ್ಚಿರುತ್ತದೆ. ಕಾರ್ಖಾನೆಗಳು ಬಂದು ಕೆಲಸ ಮನೆಯಿಂದ ದೂರವಾದಾಗ ಇಳಿಯುತ್ತದೆ. ವಿದ್ಯೆ ಮತ್ತು ಕಚೇರಿಯ ಉದ್ಯೋಗಗಳು ಬೆಳೆದಾಗ ಮತ್ತೆ ಏರುತ್ತದೆ. ನಮ್ಮ ಮಧ್ಯಮ ವರ್ಗದ ರೈತ ಮನೆತನಗಳು ಈಗ ಈ ಏರಿಳಿತದ ತಗ್ಗಿನಲ್ಲಿವೆ ಎಂದು ನಮಗೆ ತೋರುತ್ತದೆ. ನೀರಾವರಿ ಬಂತು, ಟ್ರ್ಯಾಕ್ಟರ್ ಬಂತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು; ಅದರೊಡನೆ, ನಮ್ಮ ಮನೆಯ ಹೆಣ್ಣುಮಕ್ಕಳು ಹೊಲಕ್ಕೆ ಹೋಗುವುದಿಲ್ಲ ಎಂಬ ಪ್ರತಿಷ್ಠೆಯೂ ಬಂತು. ಹೊಲಕ್ಕೆ ಹೋಗದಿರುವುದು ಸರಿಯೇ ಇರಬಹುದು. ಆದರೆ ಕಚೇರಿಗೂ ಹೋಗಬಾರದು ಎಂದರೆ ಪದವಿಯ ಫಲವೇನು? ಕೂಲಿಕಾರ ತಾಯಿ ದುಡಿಯುತ್ತಾಳೆ, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಮಗಳು ದುಡಿಯುತ್ತಾಳೆ. ನಡುವಿನ ನಮ್ಮ ಮನೆಗಳ ಪದವೀಧರೆ ಸೊಸೆ ಮಾತ್ರ ರೊಟ್ಟಿ ಬಡಿಯುತ್ತ ಕುಳಿತಿದ್ದಾಳೆ. ಈ ಮಾತು ಕೆಲವು ಭಕ್ತರಿಗೆ ಕಹಿಯಾದೀತು; ಆದರೂ ಹೇಳದೆ ವಿಧಿಯಿಲ್ಲ.

ರೊಟ್ಟಿ ಬಡಿಯುವುದು ಕೆಲಸವಲ್ಲವೇ ಎಂದು ಕೇಳಬಹುದು. ಖಂಡಿತ ಕೆಲಸವೇ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಮಹಿಳೆ ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ; ತೊಡಗುವ ಪುರುಷ ಕೊಡುವುದು 88 ನಿಮಿಷ. ತೊಡಗದೇ ಇರುವ ಪುರುಷರ ಸಂಖ್ಯೆ ಅದಕ್ಕಿಂತ ಬಹಳ ದೊಡ್ಡದು. ದಿನಕ್ಕೆ ಹತ್ತಿರಹತ್ತಿರ ಐದು ತಾಸು ಸಂಬಳವಿಲ್ಲದ ದುಡಿಮೆ ಮಾಡಿದವಳು ಅದರ ಮೇಲೆ ಎಂಟು ತಾಸು ಹೊರಗೆ ದುಡಿಯಲಿ ಎನ್ನುವುದು ನ್ಯಾಯವಲ್ಲ. ಆದ್ದರಿಂದಲೇ ಸಹಭಾಗಿತ್ವದ ಪ್ರಶ್ನೆಯು ಅಡುಗೆಮನೆಯಿಂದಲೇ ಆರಂಭವಾಗುತ್ತದೆ. ಶರಣರ ಸಮಾನತೆಯನ್ನು ವೇದಿಕೆಯ ಮೇಲೆ ಗಂಟೆಗಟ್ಟಲೆ ಬಣ್ಣಿಸಿ ಮನೆಗೆ ಬಂದು ಉಂಡ ತಾಟನ್ನು ಅಲ್ಲಿಯೇ ಬಿಟ್ಟು ಏಳುವವರು ನಮ್ಮಲ್ಲಿ ಕಡಿಮೆಯಿಲ್ಲ.

ಸರ್ಕಾರದ ಕೆಲವು ಹೆಜ್ಜೆಗಳು ಈ ಗಂಟನ್ನು ಸ್ವಲ್ಪ ಸಡಿಲಿಸಿವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಬಗ್ಗೆ ತೀರ್ಥಕ್ಷೇತ್ರಗಳ ಜನದಟ್ಟಣೆಯ ಹಾಸ್ಯವೇ ಹೆಚ್ಚು ಕೇಳಿಬಂತು. ನಾವು ಕಂಡದ್ದು ಬೇರೆ. ಬಸ್ಸಿನ ಖರ್ಚು ಉಳಿದುದರಿಂದ ತಾಲ್ಲೂಕು ಕೇಂದ್ರದ ಅಂಗಡಿ, ಆಸ್ಪತ್ರೆ, ಹೊಲಿಗೆ ಘಟಕಗಳಿಗೆ ಹೋಗತೊಡಗಿದ ಹೆಣ್ಣುಮಕ್ಕಳಿದ್ದಾರೆ. ಚಿಕ್ಕ ಸಂಬಳದಲ್ಲಿ ಆ ಖರ್ಚು ಚಿಕ್ಕದಲ್ಲ. ಸಂಜೆ ಏಳರ ನಂತರ ಹಳ್ಳಿಗೆ ಮರಳುವ ಬಸ್ಸೇ ಇಲ್ಲದಿದ್ದರೆ ಮಾತ್ರ ಟಿಕೆಟ್ ಉಚಿತವಾಗಿದ್ದೂ ಫಲವಿಲ್ಲ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮಹಿಳೆಯರನ್ನು ಸೋಮಾರಿಗಳನ್ನಾಗಿಸುತ್ತದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಆ ಹಣದಲ್ಲಿ ಹೊಲಿಗೆ ಯಂತ್ರ ಕೊಂಡವರನ್ನು, ಆಡು ಸಾಕಿದವರನ್ನು ನಾವು ಬಲ್ಲೆವು. ಎಲ್ಲಕ್ಕಿಂತ ಕಡಿಮೆ ಸದ್ದು ಮಾಡಿದ, ಆದರೆ ನಮ್ಮ ಎಣಿಕೆಯಲ್ಲಿ ಎಲ್ಲಕ್ಕಿಂತ ಅಗತ್ಯವಾದ ಯೋಜನೆ ಕೂಸಿನ ಮನೆ. ಗ್ರಾಮ ಪಂಚಾಯಿತಿಗಳಲ್ಲಿ ದುಡಿಯುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳುವ ಈ ಶಿಶುಪಾಲನಾ ಕೇಂದ್ರಗಳನ್ನು 2023-24ರಲ್ಲಿ 4,000 ಪಂಚಾಯಿತಿಗಳ ಗುರಿಯೊಂದಿಗೆ ಆರಂಭಿಸಲಾಯಿತು. ಎಷ್ಟೋ ಕಡೆ ಕಟ್ಟಡದ ಕೊರತೆ, ಕೆಲವೆಡೆ ಆರೈಕೆದಾರರ ಗೌರವಧನದ ವಿಳಂಬ.

ಇಲ್ಲಿ ಮಠಗಳ ಪಾತ್ರ ಬರುತ್ತದೆ. ಶತಮಾನದ ಹಿಂದೆ ಕೊರತೆಯಿದ್ದದ್ದು ಶಾಲೆಗೆ. ಶಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಬಿಟ್ಟರು; 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕೆಎಲ್‌ಇ ಸಂಸ್ಥೆ ಕಟ್ಟಿದರು; ಸಿದ್ಧಗಂಗೆಯಂಥ ಮಠಗಳು ಅನ್ನ, ಅಕ್ಷರ, ಆಶ್ರಯಗಳ ದಾಸೋಹ ನಡೆಸಿದವು. ಅಂದಿನ ಕೊರತೆಗೆ ಅದು ಅಂದಿನ ಉತ್ತರ. ಇಂದಿನ ಕೊರತೆ ಪದವಿಗಲ್ಲ. ಪದವಿಯಿಂದ ದುಡಿಮೆಯವರೆಗಿನ ದಾರಿಗೆ. ಬಿ.ಎ. ತರಗತಿಗೆ ಇನ್ನೊಂದು ವಿಭಾಗ ತೆರೆಯುವುದಕ್ಕಿಂತ ಪಂಪ್‌ಸೆಟ್ ಮೋಟಾರು ರಿಪೇರಿ, ನರ್ಸಿಂಗ್, ಲೆಕ್ಕಪತ್ರ, ಸೋಲಾರ್ ಅಳವಡಿಕೆಗಳ ತರಬೇತಿಗೆ ನಮ್ಮ ಸಂಸ್ಥೆಗಳು ಮನಸ್ಸು ಕೊಡಬೇಕಾಗಿದೆ. ಗಂಡುಮಕ್ಕಳ ಪ್ರಸಾದನಿಲಯಗಳಂತೆ ದುಡಿಯುವ ಹೆಣ್ಣುಮಕ್ಕಳ ವಸತಿನಿಲಯಗಳು ಜಿಲ್ಲಾ ಕೇಂದ್ರಗಳಲ್ಲಿ ಬೇಕು. “ಮಠದ ಹಾಸ್ಟೆಲಿನಾಗ ಅದಾಳ” ಎಂದರೆ ಊರಿನ ಅಪ್ಪ ಅಮ್ಮ ನಿಶ್ಚಿಂತೆಯಿಂದ ಮಗಳನ್ನು ಕಳಿಸಿಕೊಡುತ್ತಾರೆ. ಈ ವಿಶ್ವಾಸ ಯಾವ ಸರ್ಕಾರಿ ಯೋಜನೆಗೂ ಸುಲಭವಾಗಿ ದೊರೆಯದು.

ಇನ್ನೊಂದು ಕೆಲಸಕ್ಕೆ ಹಣವೂ ಹೆಚ್ಚು ಬೇಕಿಲ್ಲ. ನಮ್ಮ ಸಮಾಜದ ಸಮುದಾಯ ಭವನಗಳು ಸಣ್ಣ ಊರುಗಳಲ್ಲಿಯೂ ಇವೆ. ಮದುವೆಯ ದಿನಗಳನ್ನು ಬಿಟ್ಟರೆ ವರ್ಷದ ಬಹುಪಾಲು ಅವು ಬೀಗ ಹಾಕಿಕೊಂಡಿರುತ್ತವೆ. ನೀರು, ಶೌಚಾಲಯ, ಅಡುಗೆಮನೆ, ಗಾಳಿ ಬೆಳಕು ಎಲ್ಲವೂ ಅಲ್ಲಿವೆ. ಭವನದ ಒಂದು ಕೋಣೆಯನ್ನು ವಾರದ ದಿನಗಳಲ್ಲಿ ಬೆಳಗಿನ ಒಂಬತ್ತರಿಂದ ಸಂಜೆ ಆರರವರೆಗೆ ಜಾತಿ ಮತಗಳ ಭೇದವಿಲ್ಲದೆ ಕೂಸುಗಳಿಗಾಗಿ ಬಿಟ್ಟುಕೊಡಬಹುದು. ಕೂಸು ನೋಡಿಕೊಳ್ಳುವವರಿಗೆ ತಿಂಗಳ ತಿಂಗಳು ಸರಿಯಾದ ಸಂಬಳ ಸಲ್ಲಬೇಕು. ಸೇವೆಯೆಂಬ ಹೆಸರಿನಲ್ಲಿ ಮತ್ತೊಬ್ಬ ತಾಯಿಯನ್ನು ಬಿಟ್ಟಿ ದುಡಿಸಬಾರದು. ಮದುವೆಗೆ ಭವನ ಬೇಕಾದ ದಿನ ಮಕ್ಕಳನ್ನು ಎಲ್ಲಿಡಬೇಕೆಂಬ ಪ್ರಶ್ನೆಯನ್ನು ಒಬ್ಬ ಹಿರಿಯ ಟ್ರಸ್ಟಿಗಳು ಈಗಾಗಲೇ ಎತ್ತಿದ್ದಾರೆ. ಊರಿನ ಗುಡಿಯ ಪೌಳಿ ಆ ದಿನಗಳಿಗೆ ಸಾಕಾದೀತೇ ಎಂಬುದನ್ನು ಆಯಾ ಊರಿನ ತಾಯಂದಿರೇ ಹೇಳಬೇಕು. ಅವರ ಅಭಿಪ್ರಾಯ ಬಂದ ಮೇಲೆ, ಮೊದಲು ಯಾವ ಊರಿನ ಭವನದ ಬೀಗ ತೆಗೆಯಬೇಕೆಂಬುದನ್ನು ನಿಶ್ಚಯಿಸಲಾಗುವುದು.